ಜೋಡಿ ಬೆಂಚು

ಫೆಬ್ರವರಿ 9

ಮಾನ್ಯ ಸದಸ್ಯರಿಗೆ,

ಸದನದ ಮುಂಬಾಗಿಲ ಮೆಟ್ಟಿಲ ಮೇಲೆ ಜಾರಿ ಬಿದ್ದು ನಾನು ಸೊಂಟದ ಮೂಳೆ ಮುರಿದುಕೊಂಡ ಸಂಗತಿ ತಮಗೆ ತಿಳಿದಿರಬಹುದು. ಶಸ್ತ್ರಚಿಕಿತ್ಸೆಯಾಗಿದೆ. ಎಂಟು ವಾರ ಕಾಲಿನ ಮೇಲೆ ಭಾರ ಬಿಡಬಾರದೆಂದು ಡಾಕ್ಟರು ಹೇಳಿದ್ದಾರೆ. ನನ್ನ ಮನೆ ಮೂರನೆಯ ಮಹಡಿಯಲ್ಲಿರುವುದರಿಂದ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದಾರೆ.

ಒಂದು ಪಕ್ಷದ ಸದಸ್ಯ ಸದನಕ್ಕೆ ಬರಲಾಗದಿದ್ದಾಗ ಎದುರು ಪಕ್ಷದ ಒಬ್ಬರು ಅವನಿಗೆ ಜೋಡಿಯಾಗಿ ನಿಂತು, ತಾವೂ ಮತ ಹಾಕದೆ ಹೊರಗುಳಿಯುವುದು ರೂಢಿ. ಒಬ್ಬನ ಕಾಯಿಲೆ ಇನ್ನೊಬ್ಬರಿಗೆ ಲಾಭವಾಗಬಾರದೆಂದು ಹಿರಿಯರು ಮಾಡಿಟ್ಟ ಏರ್ಪಾಡು ಇದು. ಕಾನೂನಲ್ಲ, ಬರೀ ಮಾತು. ಅದಕ್ಕಾಗಿಯೇ ಫೋನಿನಲ್ಲಿ ಕೇಳುವಂತಿಲ್ಲ, ಕೈಬರಹದಲ್ಲಿ ಕೇಳಿ ಕೈಬರಹದಲ್ಲೇ ಒಪ್ಪಿಗೆ ಪಡೆಯಬೇಕು. ಇದೆಲ್ಲ ತಮಗೆ ಗೊತ್ತಿರುವುದೇ. ಆದರೂ ಅರ್ಜಿಯಲ್ಲಿ ವಿವರಿಸಬೇಕೆಂದು ನಿಯಮಾವಳಿಯಲ್ಲಿದೆ, ವಿವರಿಸಿದ್ದೇನೆ.

ತಮ್ಮ ಪಕ್ಷದ ಅರವತ್ತೊಂದು ಜನರಲ್ಲಿ ಅರವತ್ತು ಜನರನ್ನು ಕೇಳಿಯಾಯಿತು. ಒಬ್ಬೊಬ್ಬರಿಗೂ ಒಂದೊಂದು ನೆಪ. ಉಳಿದಿರುವುದು ತಮ್ಮ ಹೆಸರು ಮಾತ್ರ. ಮಾರ್ಚ್ 31ರವರೆಗೆ ನನಗೆ ಜೋಡಿಯಾಗಲು ಒಪ್ಪುವಿರಾ?

ಇತಿ,
ವಿದ್ಯುತ್ ಸ್ಥಾವರ ಕ್ಷೇತ್ರದ ಸದಸ್ಯ


ಫೆಬ್ರವರಿ 11

ಮಾನ್ಯ ಸದಸ್ಯರಿಗೆ,

ಒಪ್ಪಿದ್ದೇನೆ. ಮಾರ್ಚ್ 31ರವರೆಗೆ ತಾವು ಇಲ್ಲದ ಯಾವ ಮತದಾನದಲ್ಲೂ ನಾನು ಮತ ಹಾಕುವುದಿಲ್ಲ. ಇದರ ಒಂದು ಪ್ರತಿಯನ್ನು ನಮ್ಮ ಪಕ್ಷದ ಸಚೇತಕರಿಗೂ ಇನ್ನೊಂದನ್ನು ನಿಮ್ಮವರಿಗೂ ಕಳಿಸಿದ್ದೇನೆ.

ಇತಿ,
ಬಂದರು ಕ್ಷೇತ್ರದ ಸದಸ್ಯೆ

ಮರೆತಿದ್ದೆ: ಮುರಿದದ್ದು ಎಡಗಡೆಯೋ ಬಲಗಡೆಯೋ?


ಫೆಬ್ರವರಿ 16

ಮಾನ್ಯ ಸದಸ್ಯರಿಗೆ,

ಎಡಗಡೆ.

ಸ್ಥಾವರದಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡೆ. ಎಣ್ಣೆ ಚೆಲ್ಲಿದ ಕಬ್ಬಿಣದ ಮೆಟ್ಟಿಲನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿದವನಿಗೆ ಒಂದು ದಿನವೂ ಕಾಲು ಜಾರಲಿಲ್ಲ. ಒರೆಸಿ ಹೊಳಪು ಕೊಟ್ಟ ಅಮೃತಶಿಲೆಯ ಮೇಲೆ ಜಾರಿತು. ನಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕಟ್ಟಡ ಕಟ್ಟಿಲ್ಲ ಎಂದು ಮೊದಲಿನಿಂದಲೂ ನನಗೆ ಅನುಮಾನವಿತ್ತು.

ಪಕ್ಷದವರ ಜೊತೆ ಫೋನಿನಲ್ಲಿ ಕೂಗಾಡಿದೆನೆಂದು ದೊಡ್ಡ ನರ್ಸು ಫೋನನ್ನೇ ತೆಗೆದುಕೊಂಡು ಹೋಗಿದ್ದಾರೆ. "ಬಿಪಿ ಇಳೀಲಿ, ಆಮೇಲೆ ನಿಮ್ಮ ಸರ್ಕಾರ ಬೀಳಿಸಿ" ಎನ್ನುತ್ತಾರೆ. ನಿಮ್ಮ ಅತ್ತಿಗೆ ಸಂಜೆ ಬಂದು ನರ್ಸಿನ ಪರವಾಗಿ ಮಾತಾಡುತ್ತಾಳೆ. ಹಗಲೆಲ್ಲ ಕಿಟಕಿಯಿಂದ ಸ್ಥಾವರದ ಹೊಗೆಕೊಳವೆ ನೋಡುತ್ತೇನೆ. ಹೊಗೆಯ ಬಣ್ಣ ನೋಡಿದರೆ ಪಾಳಿಯಲ್ಲಿ ಯಾರಿದ್ದಾರೆಂದು ಹೇಳಬಲ್ಲೆ. ಕಪ್ಪಗಿದ್ದರೆ ಒಲೆಗೆ ಗಾಳಿ ಸಾಲುತ್ತಿಲ್ಲ, ಅಂದರೆ ನಾನು ಎಷ್ಟು ಹೇಳಿದರೂ ಕೇಳದಿದ್ದ ಆ ಉದ್ದನೆಯ ಮೀಸೆಯವನು ಇದ್ದಾನೆ.

ಓದಲು ಏನೂ ಇಲ್ಲ. ನಿಮ್ಮ ಆ ಮಸೂದೆಯ ಪ್ರತಿಯೊಂದನ್ನು ಕಳಿಸಿ. ಹೇಗಿದ್ದರೂ ವಿರೋಧಿಸುವವನು, ಓದಿ ವಿರೋಧಿಸುತ್ತೇನೆ.

ಇತಿ,
ವಿದ್ಯುತ್ ಸ್ಥಾವರ ಕ್ಷೇತ್ರದ ಸದಸ್ಯ


ಫೆಬ್ರವರಿ 20

ಅಣ್ಣ,

ಆರು ವರ್ಷದ ಮೇಲೆ ಈ ಪದ ಬರೆಯುತ್ತಿದ್ದೇನೆ. "ಮಾನ್ಯ ಸದಸ್ಯರಿಗೆ" ಎಂದು ಇನ್ನೊಂದು ಸಲ ಬರೆಯಲು ಕೈ ಬರಲಿಲ್ಲ. ನಿನಗೆ ಇಷ್ಟವಿಲ್ಲದಿದ್ದರೆ ಆ ಪದದ ಮೇಲೆ ಗೆರೆ ಎಳೆದು ಓದು.

ಮಸೂದೆ ಜೊತೆಗಿದೆ. ಹನ್ನೊಂದು ಕಲಂ, ಒಂಬತ್ತು ಪುಟ. ಅದು ಎಲ್ಲಿಂದ ಬಂತೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಾರರು, ನಾನು ಹೇಳುತ್ತೇನೆ. ಒಂಬತ್ತು ವರ್ಷದ ಹಿಂದೆ ದೇಶದೇಶದ ಮುಖ್ಯಸ್ಥರು ಸೇರಿ ಹೊಗೆ ಕಡಿಮೆ ಮಾಡುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮವರೂ ಹಾಕಿದರು, ಫೋಟೊ ಬಂತು. ಸಹಿ ಹಾಕುವುದು ಸರ್ಕಾರ, ಅದನ್ನು ಕಾನೂನು ಮಾಡಬೇಕಾದದ್ದು ಸದನ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆ ಪೂಜಾರಿಗಳು ನಾವು. ಒಂಬತ್ತು ವರ್ಷದಿಂದ ಕೊಟ್ಟಿಲ್ಲ.

ಹೋದ ವರ್ಷ ನಲವತ್ತು ದೇಶಗಳ ಶಾಸಕರು ಒಂದು ಕಡೆ ಸೇರಿ ಮಾದರಿ ಮಸೂದೆಯೊಂದನ್ನು ಬರೆದೆವು. ಮಂತ್ರಿಗಳಲ್ಲ, ನಮ್ಮ ನಿಮ್ಮಂಥ ಬೆಂಚಿನವರು. ಬರುವ ಏಪ್ರಿಲ್ ಸಭೆಯೊಳಗೆ ಅವರವರ ಸದನದಲ್ಲಿ ಪಾಸು ಮಾಡಿಸಿಕೊಂಡು ಬರುತ್ತೇವೆಂದು ಒಬ್ಬರಿಗೊಬ್ಬರು ಮಾತು ಕೊಟ್ಟೆವು. ಏಳನೆಯ ಕಲಂ ಮುಖ್ಯ. ಪ್ರತಿವರ್ಷ ಒಂದೇ ದಿನ ಮಂತ್ರಿ ಸದನದಲ್ಲಿ ಎದ್ದು ನಿಂತು ಎಷ್ಟು ಹೊಗೆ ಇಳಿಸಿದೆವೆಂದು ಬಾಯಿಬಿಟ್ಟು ಹೇಳಬೇಕು. ಇಳಿಸದಿದ್ದರೆ ಅವರ ಇಲಾಖೆಯ ಹೊಸ ಕೆಲಸಗಳನ್ನು ಸದನ ತಡೆಯಬಹುದು.

ಬಂದರು ಕಚೇರಿಯಲ್ಲಿ ನಾನು ಹತ್ತೊಂಬತ್ತು ವರ್ಷ ನೀರಿನ ಮಟ್ಟ ಅಳೆದು ಬರೆದವಳು. ನಮ್ಮ ಹಳೆಯ ಮನೆ ಈಗ ಆ ಕಚೇರಿಯ ಉಗ್ರಾಣ, ನಿನಗೆ ಗೊತ್ತು. ಅದರ ಬಾಗಿಲ ಚೌಕಟ್ಟಿನಲ್ಲಿ ಅಮ್ಮ ಪ್ರತಿವರ್ಷ ನಮ್ಮ ಎತ್ತರಕ್ಕೆ ಹಾಕುತ್ತಿದ್ದ ಗೆರೆಗಳು ಇನ್ನೂ ಇವೆ. ಕಳೆದ ವರ್ಷದ ನೀರು ನಿನ್ನ ಎಂಟನೆಯ ವರ್ಷದ ಗೆರೆ ಮುಟ್ಟಿ ಹೋಯಿತು. ನನ್ನ ಎಂಟನೆಯ ವರ್ಷದ್ದು ಅದಕ್ಕಿಂತ ಎಷ್ಟೋ ಕೆಳಗಿದೆ.

ನಿನ್ನ ತಂಗಿ


ಮಾರ್ಚ್ 2

ತಂಗಿಗೆ,

ಮಸೂದೆಯನ್ನು ಮೂರು ಸಲ ಓದಿ ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸು ಕಳಿಸಿದ್ದೇನೆ. ಬಾಯ್ಲರ್ ಮನೆಯ ದಿನಚರಿ ಓದಿದ ಕಣ್ಣು ನನ್ನದು. ಅಲ್ಲಿ ಒಂದು ಸಾಲು ಬಿಟ್ಟುಹೋದರೆ ಯಾರೋ ಒಬ್ಬನ ಕೈ ಸುಡುತ್ತದೆ.

ನಿನ್ನ ಹನ್ನೊಂದು ಕಲಮಿನಲ್ಲಿ ಹೊಗೆ ಎಂಬ ಪದ ಅರವತ್ತೆರಡು ಕಡೆ ಇದೆ. ಕೊಳವೆ ಇಪ್ಪತ್ತು ಕಡೆ ಇದೆ. ಮಂತ್ರಿ ಇದ್ದಾನೆ, ಸಮಿತಿ ಇದೆ, ತಜ್ಞರಂತೂ ಎಲ್ಲೆಲ್ಲೂ ಇದ್ದಾರೆ. ಕೊಳವೆಯ ಕೆಳಗೆ ನಿಂತಿರುವ ಮನುಷ್ಯ ಒಂದು ಕಡೆಯೂ ಇಲ್ಲ. ನನ್ನ ಸ್ಥಾವರದಲ್ಲಿ ನಾನೂರ ಹನ್ನೆರಡು ಜನ ಇದ್ದಾರೆ. ನಿನ್ನ ಲೆಕ್ಕದ ಪ್ರಕಾರ ಹತ್ತು ವರ್ಷದಲ್ಲಿ ಅಲ್ಲಿ ಮೂರು ಒಲೆ ಆರಬೇಕು. ಒಲೆ ಆರಿಸಿದ ಮರುದಿನ ಬೆಳಿಗ್ಗೆ ಅವರು ಎಲ್ಲಿಗೆ ಹೋಗಬೇಕು? ಒಂಬತ್ತನೆಯ ಪುಟದ ಕೆಳಗೆ ಮೂರು ಬೆರಳು ಜಾಗ ಖಾಲಿ ಇದೆ. ಅಲ್ಲಾದರೂ ಬರೆಯಬಹುದಿತ್ತು.

ಇನ್ನೊಂದು ಮಾತು. ನಿನ್ನ ಮೊದಲ ಭಾಷಣದಲ್ಲಿ ನೀನು ಆಡಿದ ಮಾತು ಸದನದ ದಾಖಲೆಯಲ್ಲಿ ಹೀಗಿದೆ: "ನಮ್ಮಣ್ಣ ಮೂವತ್ತು ವರ್ಷ ಒಲೆ ಉರಿಸಿದ್ದಾರೆ. ಅಡುಗೆ ಮಾತ್ರ ಇನ್ನೂ ಆಗಿಲ್ಲ." ಆವರಣದಲ್ಲಿ "ನಗು" ಎಂದು ಬರೆದಿದ್ದಾರೆ. ಆರು ವರ್ಷದಿಂದ ಮೊಗಸಾಲೆಯಲ್ಲಿ ಎದುರಾದವರೆಲ್ಲ "ಅಡುಗೆ ಆಯ್ತಾ?" ಎಂದು ಕೇಳುತ್ತಾರೆ. ಅದಕ್ಕೆ ನಾನು ನೊಂದುಕೊಂಡೆನೆಂದು ನೀನು ತಿಳಿದಿದ್ದೀಯೆ. ಅಲ್ಲ. ಸದನ ನಗಲಿ, ಅದಕ್ಕೆ ಅದೇ ಕೆಲಸ. ಆದರೆ ಆ ನಗುವಿನಲ್ಲಿ ನಿನ್ನದೂ ಕೇಳಿಸಿತು. ಚಿಕ್ಕಂದಿನಿಂದ ನಿನ್ನ ನಗು ಮೂಗಿನಲ್ಲಿ ಶುರುವಾಗುತ್ತದೆ, ಸಾವಿರ ಜನರ ನಡುವೆಯೂ ನನಗೆ ಗೊತ್ತಾಗುತ್ತದೆ. ನೂರಿಪ್ಪತ್ತು ಜನರ ನಡುವೆ ಗೊತ್ತಾಗದಿರುತ್ತದೆಯೇ?

ಅಣ್ಣ


ಮಾರ್ಚ್ 6

ಅಣ್ಣ,

ನಕ್ಕಿದ್ದು ನಿಜ. ಅದು ನನ್ನ ಮೊದಲ ಭಾಷಣ. ಎಲ್ಲರೂ ನಕ್ಕಾಗ ಗೆದ್ದೆ ಅನ್ನಿಸಿ ನಾನೂ ನಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು, ನನ್ನ ತಲೆಗೆ ಹತ್ತಿರಲಿಲ್ಲ. ಆ ಎರಡು ಸಾಲನ್ನು ದಾಖಲೆಯಿಂದ ತೆಗೆದುಹಾಕಿ ಎಂದು ಸಭಾಧ್ಯಕ್ಷರಿಗೆ ಅರ್ಜಿ ಬರೆದಿದ್ದೇನೆ. ನಿನ್ನ ಒಪ್ಪಿಗೆ ಬೇಕಂತೆ.

ಪೆನ್ಸಿಲ್ ಗುರುತೆಲ್ಲ ನೋಡಿದೆ. ನೀನು ಹೇಳಿದ್ದು ಸರಿಯಿದೆ. ಆದರೆ ನಾನು ಮಾಡಲಾರೆ. ಈ ಪಠ್ಯ ನಲವತ್ತು ದೇಶದವರು ಹನ್ನೊಂದು ದಿನ ಕೂತು ಅಲ್ಪವಿರಾಮಕ್ಕೂ ಜಗಳಾಡಿ ಒಪ್ಪಿದ್ದು. ಇಲ್ಲಿ ಕೂತು ನಾನೊಬ್ಬಳು ಅದಕ್ಕೆ ಕೈ ಹಚ್ಚಿದರೆ ಮಾತು ಮುರಿದ ಹಾಗೆ. ಎಲ್ಲರೂ ಒಂದೊಂದು ಸಾಲು ಬದಲಿಸುತ್ತ ಹೋದರೆ ಉಳಿಯುವುದೇನು?

ತಂಗಿ


ಮಾರ್ಚ್ 11

ಅಣ್ಣ,

ಅರ್ಜಿಯ ಬಗ್ಗೆ ನೀನು ಏನೂ ಬರೆಯಲಿಲ್ಲ. ಇರಲಿ, ಇದು ಬೇರೆ ವಿಷಯ.

ಮಸೂದೆ 14ರ ಮಧ್ಯಾಹ್ನ ಮೂರು ಗಂಟೆಗೆ ಮತಕ್ಕೆ ಬರುತ್ತದೆ. ಮೊನ್ನೆ ನಮ್ಮ ಸಚೇತಕರು ಕೋಣೆಗೆ ಕರೆಸಿದ್ದರು. ಮಾತಾಡುವಾಗಲೆಲ್ಲ ಮಣಿಕಟ್ಟು ನೋಡಿಕೊಳ್ಳುವುದರಿಂದ ನಾವು ಅವರನ್ನು ಗಡಿಯಾರ ಎನ್ನುತ್ತೇವೆ. ಗಡಿಯಾರ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ನೋಡಮ್ಮ, ಎಲ್ಲರೂ ಬಂದ್ರೆ ಆ ಕಡೆ ಅರವತ್ತೊಂದು, ಈ ಕಡೆ ಅರವತ್ತೊಂದು. ಸಮ ಬಂದ್ರೆ ಸಭಾಧ್ಯಕ್ಷರು ಇದ್ದದ್ದನ್ನ ಇದ್ದ ಹಾಗೇ ಬಿಡ್ತಾರೆ, ಅದು ರೂಢಿ. ಮಸೂದೆ ಬಿತ್ತು. ನೀವು ಜೋಡಿ ಅಂತ ಹೊರಗೆ ಕೂತ್ರೆ ಅರವತ್ತು, ಅರವತ್ತು. ಆಗ್ಲೂ ಬಿತ್ತು. ನಿಮ್ಮಣ್ಣ ಅಲ್ಲಿ ಮಲಗಿರೋವಾಗ ನೀವು ಇಲ್ಲಿ ಒಳಗೆ ಬಂದ್ರೆ ಮಾತ್ರ ಗೆದ್ವಿ. ಇಂಥ ಸೊಂಟ ಇನ್ನೊಂದ್ಸಲ ಮುರಿಯುತ್ತಾ?"

ಜೋಡಿ ಮುರಿದರೆ ಶಿಕ್ಷೆ ಏನೂ ಇಲ್ಲ. ನಾಲ್ಕು ದಿನ ಬೈಯುತ್ತಾರೆ, ಐದನೆಯ ದಿನ ಮರೆಯುತ್ತಾರೆ. ಕಾನೂನು ಮಾತ್ರ ಉಳಿಯುತ್ತದೆ. ಇದು ನನ್ನ ಮಾತಲ್ಲ, ಗಡಿಯಾರದ್ದು. ಆದರೆ ಎರಡು ದಿನದಿಂದ ನನ್ನ ತಲೆಯಲ್ಲೂ ಅದೇ ಟಿಕ್ ಟಿಕ್ ಎನ್ನುತ್ತಿದೆ.

ಜೋಡಿಯಿಂದ ನನ್ನನ್ನು ಬಿಡುಗಡೆ ಮಾಡುವ ಹಕ್ಕು ನಿನ್ನೊಬ್ಬನಿಗೇ ಇದೆ. ಎರಡು ಸಾಲು ಬರೆದರೆ ಸಾಕು. ನಾನು ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ.

ತಂಗಿ


ಮಾರ್ಚ್ 15

ಅಣ್ಣ,

ಅರವತ್ತು, ಅರವತ್ತು. ಬಿತ್ತು.

ಪತ್ರಿಕೆಯಲ್ಲಿ ನೋಡಿರುತ್ತೀಯೆ. ಅದರಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಚರ್ಚೆ ಎರಡೂವರೆ ಗಂಟೆ ನಡೆಯಿತು. ನಿಮ್ಮ ಪಕ್ಷದ ಔಷಧಿ ಅಂಗಡಿಯವರು ಚೆನ್ನಾಗಿಯೇ ಮಾತಾಡಿದರು. "ನಾವು ಮಾತು ಉಳಿಸ್ಕೋತೀವಿ ಅಂತಾನೇ ಇಟ್ಕೊಳ್ಳಿ. ಉಳಿದ ದೇಶದವರು ಉಳಿಸ್ಕೋತಾರೆ ಅಂತ ಏನು ಖಾತ್ರಿ? ಪೊಲೀಸ್ ಇಲ್ಲ, ಕೋರ್ಟ್ ಇಲ್ಲ. ತನಗೆ ನಷ್ಟ ಅಂತ ಗೊತ್ತಿದ್ದೂ ಕೊಟ್ಟ ಮಾತಿಗೆ ನಿಂತವರನ್ನ ಒಬ್ಬರನ್ನಾದ್ರೂ ತೋರಿಸಿ" ಎಂದರು.

ಗಂಟೆ ಬಾರಿಸಿದಾಗ ನಾನು ಎದ್ದು ಹೊರಗೆ ಬಂದೆ. ಮತದಾನದ ಬಾಗಿಲ ಪಕ್ಕದ ಜೋಡಿ ಬೆಂಚು ನಿನಗೆ ಗೊತ್ತಲ್ಲ, ಇಬ್ಬರಿಗಷ್ಟೇ ಜಾಗವಿರುವುದು. ಬಲಗಡೆ ಕೂತೆ. ಬರದವರ ಜಾಗ ಖಾಲಿ ಬಿಡಬೇಕಲ್ಲ, ಎಡಗಡೆ ನಿನಗೆ ಬಿಟ್ಟೆ. ಮೂರು ನಿಮಿಷ ಗಂಟೆ ಹೊಡೆದುಕೊಂಡಿತು. ಗಡಿಯಾರ ಬಾಗಿಲಲ್ಲಿ ನಿಂತು ನನ್ನನ್ನೂ ಮಣಿಕಟ್ಟನ್ನೂ ನೋಡುತ್ತಿದ್ದರು. ಆಮೇಲೆ ಮಾರ್ಷಲ್ ಬಾಗಿಲು ಹಾಕಿದ. ಗಾಜಿನ ಆಚೆ ಎಲ್ಲರೂ ಎದ್ದು ಮತ ಹಾಕಲು ತಮ್ಮ ತಮ್ಮ ಕಡೆಯ ಬಾಗಿಲಿಗೆ ನಡೆಯುವುದು ಕಾಣುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ.

ನಮ್ಮವರು ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವಳು ಎಂದು ಗಡಿಯಾರ ಎಲ್ಲರಿಗೂ ಹೇಳುತ್ತಿದ್ದಾರೆ. ಏಪ್ರಿಲ್ ಸಭೆಗೆ ಬರಿಗೈಯಲ್ಲಿ ಹೋಗುತ್ತೇನೆ.

ನನ್ನ 11ನೆಯ ತಾರೀಖಿನ ಪತ್ರ ನಿನಗೆ ತಲುಪಿತೋ ಇಲ್ಲವೋ ತಿಳಿಯಲಿಲ್ಲ.

ತಂಗಿ


ಮಾರ್ಚ್ 29

ತಂಗಿ,

ತಲುಪಿತು.

ಹದಿಮೂರರ ಬೆಳಿಗ್ಗೆ ದೊಡ್ಡ ನರ್ಸು ತಂದುಕೊಟ್ಟರು. ಓದಿದೆ. ಹಾಳೆ ಇತ್ತು, ಪೆನ್ನು ಇತ್ತು, ಸಂಜೆ ನಿನ್ನ ಅತ್ತಿಗೆಯೂ ಬಂದಿದ್ದಳು, ಕಳಿಸಿದ್ದರೆ ಅವಳೇ ಹೋಗಿ ಕೊಡುತ್ತಿದ್ದಳು. ನಾನು ಬರೆಯಲಿಲ್ಲ. ಪತ್ರವನ್ನು ದಿಂಬಿನ ಕೆಳಗಿಟ್ಟು ಎರಡು ದಿನ ಅದರ ಮೇಲೆ ಮಲಗಿದೆ. ನಾನೂರ ಹನ್ನೆರಡು ಜನರ ಸಲುವಾಗಿ ಎಂದು ಹೇಳಿಕೊಂಡೆ. ಅದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು, ನೀನು ಏನು ಮಾಡುತ್ತೀಯೋ ನೋಡೋಣ ಎಂದು. ನೀನು ಮುರಿಯುತ್ತೀಯೆ ಎಂದೇ ಅಂದುಕೊಂಡಿದ್ದೆ. ಮುರಿದಿದ್ದರೆ ಆರು ವರ್ಷದ ನನ್ನ ಸಿಟ್ಟಿಗೆ ಒಂದು ಸಮಾಧಾನವಾಗುತ್ತಿತ್ತು.

ನೀನು ಬೆಂಚಿನ ಮೇಲೆ ಕೂತೆ. ನನಗೆ ನಾಚಿಕೆಯಾಯಿತು. ಇದನ್ನು ಬರೆಯಲು ಹದಿನಾಲ್ಕು ದಿನ ಬೇಕಾಯಿತು.

ದಾಖಲೆಯಿಂದ ಆ ಸಾಲು ತೆಗೆಸುವುದು ಬೇಡ. ಆಡಿದ್ದು ಆಡಿದ್ದೇ. ತೆಗೆದುಹಾಕಿದರೆ ನಾಳೆ ಓದುವವರಿಗೆ ನಾವು ಆರು ವರ್ಷ ಯಾಕೆ ಮಾತು ಬಿಟ್ಟೆವೆಂದೇ ಗೊತ್ತಾಗುವುದಿಲ್ಲ.

ಅಣ್ಣ


ಏಪ್ರಿಲ್ 18

ಅಣ್ಣ,

ಇದನ್ನು ಸಭೆ ನಡೆಯುವ ಕಟ್ಟಡದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಮೃತಶಿಲೆಯೇ, ಹೆದರಬೇಡ, ಕೆಳಗಿನ ಮೆಟ್ಟಿಲು.

ಇಲ್ಲಿ ಪ್ರತಿಯೊಬ್ಬರ ಮೇಜಿನ ಮೇಲೂ ಒಂದು ಬಣ್ಣದ ಚೀಟಿ ಇಟ್ಟಿದ್ದಾರೆ. ಕಾನೂನು ಮಾಡಿಬಂದ ಹದಿನೆಂಟು ದೇಶದವರಿಗೆ ಹಸಿರು, ಬರೀ ಸಹಿ ಹಾಕಿದವರಿಗೆ ಬಿಳಿ. ನನ್ನದು ಬಿಳಿ. ಮೊದಲ ದಿನ ಅದರ ಮೇಲೆ ನೀರಿನ ಲೋಟ ಇಟ್ಟು ಮುಚ್ಚಿದೆ. ಪಕ್ಕದಲ್ಲಿ ಒಂದು ದ್ವೀಪದ ಶಾಸಕಿ ಕೂತಿದ್ದರು. ನನ್ನಷ್ಟೇ ವಯಸ್ಸು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರಂತೆ. ಅವರ ಸದನದ ಕಡತಗಳನ್ನೆಲ್ಲ ಈಗ ಮೇಲಿನ ಮಹಡಿಗೆ ಸಾಗಿಸಿದ್ದಾರೆ, ಕೆಳಗೆ ವರ್ಷಕ್ಕೆ ಎರಡು ಸಲ ನೀರು ನುಗ್ಗುತ್ತದಂತೆ. ವಿರೋಧ ಪಕ್ಷದವರು ಒಪ್ಪಿದರೇ ಎಂದು ಕೇಳಿದೆ. ಭಾಷಾಂತರ ಮಾಡುವವಳು ನಗುತ್ತ ಅವರ ಉತ್ತರ ಹೇಳಿದಳು: "ನೀರು ಎರಡೂ ಕಡೆಯ ಬೆಂಚಿನ ಕೆಳಗೂ ಬರುತ್ತಲ್ಲ."

ನಿನ್ನ ಪೆನ್ಸಿಲ್ ಗುರುತಿದ್ದ ಪ್ರತಿಯೇ ನನ್ನ ಚೀಲದಲ್ಲಿತ್ತು. ಅವರು ತೆಗೆದು ನೋಡಿ ಇದೇನು ಎಂದರು. ಹೇಳಿದೆ. ಸೇರಿಸಲಿಲ್ಲ ಯಾಕೆ ಎಂದರು. ಒಪ್ಪಿದ ಪಠ್ಯಕ್ಕೆ ಕೈ ಹಚ್ಚಬಾರದಲ್ಲ ಎಂದೆ. ಅವರು ತಮ್ಮ ದೇಶದ ಕಾನೂನು ತೆಗೆದು ತೋರಿಸಿದರು. ಅದರಲ್ಲಿ ಹದಿನಾರು ಕಲಂ ಇದೆ. ಐದು ಅವರೇ ಸೇರಿಸಿದ್ದು, ಮೀನುಗಾರರಿಗೆ, ಬಾವಿಗಳಿಗೆ, ಸ್ಮಶಾನಕ್ಕೆ. ಹದಿನೆಂಟೂ ದೇಶದವರು ಸೇರಿಸಿದ್ದಾರಂತೆ. ಒಂದು ಸಾಲೂ ಬದಲಿಸದೆ ಹಾಗೆಯೇ ಎತ್ತಿಕೊಂಡು ಹೋದವಳು ನಾನೊಬ್ಬಳೇ. "ಒಪ್ಪಂದ ಅಂದ್ರೆ ಬಟ್ಟೆ. ಎಲ್ಲರಿಗೂ ಒಂದೇ ಬಟ್ಟೆ. ಹೊಲಿಯೋರು ನಾವು ತಾನೆ? ಅಳತೆ ತೆಗೆಯದೆ ಹೊಲಿದ್ರೆ ಯಾರು ಹಾಕ್ಕೋತಾರೆ?" ಎಂದರು.

ಹತ್ತೊಂಬತ್ತು ವರ್ಷ ಅಳೆಯುವುದೇ ಕೆಲಸವಾಗಿದ್ದವಳಿಗೆ ಈ ಮಾತು ಕೇಳಬೇಕಾಗಿ ಬಂತು. ನಾನು ನೀರನ್ನು ಅಳೆದೆ, ನಿನ್ನ ಜನರನ್ನು ಅಳೆಯಲಿಲ್ಲ. ತಪ್ಪು ನನ್ನದು.

ಒಂಬತ್ತನೆಯ ಪುಟದ ಕೆಳಗೆ ಮೂರು ಬೆರಳು ಜಾಗ ಖಾಲಿ ಇದೆ ಎಂದಿದ್ದೆ. ನೀನೇ ಬರೆದುಕೊಡು.

ತಂಗಿ


ಏಪ್ರಿಲ್ 27

ತಂಗಿ,

ಹನ್ನೆರಡನೆಯ ಕಲಂ. ಯಾವುದೇ ಒಲೆಯನ್ನು ಆರಿಸುವ ಮೊದಲು, ಅದರ ಮುಂದೆ ಕೆಲಸ ಮಾಡುತ್ತಿದ್ದ ಪ್ರತಿಯೊಬ್ಬರಿಗೂ ಬೇರೆ ಕೆಲಸ ಸಿಕ್ಕಿದೆ ಎಂದು ಮಂತ್ರಿ ಅವರ ಹೆಸರು ಹಿಡಿದು ಸದನದಲ್ಲಿ ಓದಬೇಕು. ಹೆಸರು ಓದದೆ ಒಲೆ ಆರಿಸುವಂತಿಲ್ಲ. ಹೆಸರು ಓದಿದ ಮೇಲೆ ಆರಿಸದೆ ಇರುವಂತಿಲ್ಲ.

ಆರು ಸಲ ತಿದ್ದಿದೆ. ಕೊನೆಯ ವಾಕ್ಯ ನಿನಗಾಗಿ ಸೇರಿಸಿದ್ದು.

ಬಿದ್ದ ಮಸೂದೆ ಒಂದು ವರ್ಷ ಮತ್ತೆ ಬರುವಂತಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಂಟು ವಾರ ಮಲಗಿ ನಿಯಮಾವಳಿಯನ್ನು ರಟ್ಟಿನಿಂದ ರಟ್ಟಿಗೆ ಓದಿದವನು ನಾನೊಬ್ಬನೇ. ಎಂಬತ್ತನಾಲ್ಕನೆಯ ನಿಯಮ ಹೀಗಿದೆ: ಮಸೂದೆಯನ್ನು ಬೀಳಿಸಿದ ಪಕ್ಷದ ಸದಸ್ಯನೇ ಬರೆದು ಕೇಳಿದರೆ ಅದು ಮತ್ತೆ ಬರಬಹುದು. ಇದುವರೆಗೆ ಯಾರೂ ಕೇಳಿಲ್ಲ, ಗೆದ್ದವನು ಯಾಕೆ ಕೇಳುತ್ತಾನೆ? ನಿನ್ನೆ ನಾನು ಕೇಳಿದ್ದೇನೆ.

ನಮ್ಮ ಸಚೇತಕರು ಊರುಗೋಲು ಹಿಡಿದು ಅಭ್ಯಾಸ ಮಾಡುವ ಕೋಣೆಗೇ ಬಂದು ಕೂಗಾಡಿದರು. "ಕುಂಟನಿಗೆ ಎಂಟು ಚೇಷ್ಟೆ ಅಂತ ಸುಮ್ನೆ ಹೇಳ್ತಾರಾ?" ಎಂದರು. ದೊಡ್ಡ ನರ್ಸು ಬಂದು ಅವರ ಫೋನನ್ನೂ ಕಿತ್ತುಕೊಂಡರು. ಮುಂದಿನ ಸಾಲಿನ ನನ್ನ ಕುರ್ಚಿ ಹೋಯಿತು. ಹಿಂದಿನ ಬಾಗಿಲ ಪಕ್ಕ, ಶೌಚಾಲಯದ ದಾರಿಯಲ್ಲಿ ಕೊಟ್ಟಿದ್ದಾರೆ. ಈಗಿನ ನನ್ನ ಸ್ಥಿತಿಗೆ ಅದೇ ಅನುಕೂಲ.

ಅಣ್ಣ


ಮೇ 19

ತಂಗಿ,

ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ನಿನ್ನ ಮಸೂದೆಗೆ ವಿರುದ್ಧ ಮತ ಹಾಕುತ್ತೇನೆ.

ನಿನ್ನೆ ಪಾಳಿ ಬದಲಾಗುವ ಹೊತ್ತಿಗೆ ಸ್ಥಾವರದ ಗೇಟಿನ ಮುಂದೆ ಸಭೆ ಕರೆದಿದ್ದೆ. ಕುರ್ಚಿ ಹಾಕಿದ್ದರು, ಕೂರಲಿಲ್ಲ, ಊರುಗೋಲಿನ ಮೇಲೆ ನಿಂತೇ ಹನ್ನೆರಡನೆಯ ಕಲಂ ಓದಿದೆ. ನೀವು ಹೇಳಿದ ಹಾಗೆ ಮತ ಹಾಕುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದೆ. ಒಪ್ಪಿಬಿಡುತ್ತಾರೆಂಬ ಧೈರ್ಯ ಇತ್ತು. ಉದ್ದನೆಯ ಮೀಸೆಯವನೇ ಮುಂದೆ ಬಂದ. "ಅಣ್ಣಾ, ಓದೋಕೆ ಚೆನ್ನಾಗಿದೆ. ಬರೆದವನು ನೀನು ಅಂತಾನೂ ಗೊತ್ತಾಗುತ್ತೆ. ಆದ್ರೆ ಹಾಳೇಲಿರೋ ಕೆಲಸಕ್ಕೆ ಬೆಳಿಗ್ಗೆ ಎದ್ದು ಹೋಗೋಕಾಗುತ್ತಾ? ಮೊದಲು ಒಬ್ಬರಿಗಾದ್ರೂ ಕೊಟ್ಟು ತೋರಿಸ್ಲಿ." ಕೈ ಎತ್ತಿಸಿದೆ. ಬೇಕು ಎಂದವರು ನೂರ ನಲವತ್ತು. ಬೇಡ ಎಂದವರು ಇನ್ನೂರ ಎಪ್ಪತ್ತೆರಡು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಮಸೂದೆ ಮತ್ತೆ ತರುತ್ತೇನೆಂದು ನಿನಗೆ ಕೊಟ್ಟ ಮಾತು ಒಂದು, ಅವರಿಗೆ ಕೊಟ್ಟದ್ದು ಇನ್ನೊಂದು. ಎರಡನ್ನೂ ನಡೆಸುತ್ತೇನೆ. ಲೆಕ್ಕ ನಿನಗೂ ಗೊತ್ತು: ನಾನು ಬಂದರೆ ಅರವತ್ತೊಂದಕ್ಕೆ ಅರವತ್ತೊಂದು. ಜೂನ್ 2ರ ಮತದಾನಕ್ಕೆ ಜೋಡಿ ಬೇಡ, ನಾನೇ ಬರುತ್ತೇನೆ.

ಅಣ್ಣ


ಮೇ 21

ಅಣ್ಣ,

ಬಾ. ಯಾವ ಕಡೆ ಹಾಕಿದರೂ ಸರಿ, ಬಂದು ಹಾಕು. ನನಗೆ ಬೇಸರವಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಆ ಗೇಟಿನ ಮುಂದೆ ನಿಂತಿದ್ದರೆ ನಾನೂ ಬೇಡ ಎಂದೇ ಕೈ ಎತ್ತುತ್ತಿದ್ದೆನೋ ಏನೋ.

ಮೆಟ್ಟಿಲ ಮೇಲೆ ಕಂಬಳಿ ಹಾಸಲು ಮಾರ್ಷಲ್‌ಗೆ ಹೇಳಿದ್ದೇನೆ.

ಒಂದು ವಿಚಾರ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಫೆಬ್ರವರಿಯಲ್ಲಿ ನಮ್ಮ ಪಕ್ಷದ ಅರವತ್ತು ಜನರನ್ನು ಕೇಳಿದೆ, ಎಲ್ಲರೂ ನೆಪ ಹೇಳಿದರು, ಉಳಿದಿದ್ದು ನನ್ನ ಹೆಸರು ಮಾತ್ರ ಎಂದು ನೀನು ಬರೆದಿದ್ದೆ. ನಾನು ಒಬ್ಬೊಬ್ಬರನ್ನೂ ವಿಚಾರಿಸಿದೆ. ನೀನು ಯಾರನ್ನೂ ಕೇಳಿರಲಿಲ್ಲ.

ತಂಗಿ


ಜೂನ್ 4

ತಂಗಿ,

ಮೊನ್ನೆ ಎದುರು ಬೆಂಚುಗಳಲ್ಲಿ ಇಡೀ ದಿನ ಕೂತಿದ್ದೂ ನಾವು ಒಂದು ಮಾತಾಡಲಾಗಲಿಲ್ಲ, ನಿನ್ನ ಸುತ್ತ ಅಷ್ಟು ಜನ. ಮೂರು ಮಹಡಿ ಹತ್ತಲಾಗದೆ ಇನ್ನೂ ಆಸ್ಪತ್ರೆಯಲ್ಲೇ ಇರುವ ನನಗೆ ದೊಡ್ಡ ನರ್ಸು ಐದು ಗಂಟೆಗೆ ವಾಪಸು ಬರಲು ಹೇಳಿದ್ದರು. ಅದಕ್ಕೆ ಪತ್ರವೇ ಸರಿ.

ಅರವತ್ತೆರಡಕ್ಕೆ ಅರವತ್ತು. ಮತ್ತೆ ಮತ್ತೆ ಬರೆದು ನೋಡುತ್ತಿದ್ದೇನೆ. ಔಷಧಿ ಅಂಗಡಿಯವರು ಎದ್ದು ನಿಮ್ಮ ಕಡೆಯ ಬಾಗಿಲಿಗೆ ನಡೆದಾಗ ನಮ್ಮ ಸಚೇತಕರ ಮುಖ ನೋಡಬೇಕಿತ್ತು. ಆಮೇಲೆ ಮೊಗಸಾಲೆಯಲ್ಲಿ ಸಿಕ್ಕರು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. "ಆವತ್ತು ಒಬ್ಬರನ್ನಾದ್ರೂ ತೋರಿಸಿ ಅಂತ ಕೂಗಿ ಕೂತ್ನಲ್ಲ. ಬಾಗಿಲ ಗಾಜಿನಲ್ಲಿ ನೋಡ್ತೀನಿ, ನಿಮ್ಮ ತಂಗಿ ಬೆಂಚಿನ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ಜಾಗ ಬಿಟ್ಕೊಂಡು. ಎರಡೂವರೆ ತಿಂಗಳಿಂದ ಅಂಗಡೀಲಿ ಮಾತ್ರೆ ಎಣಿಸೋವಾಗ್ಲೂ ಅದೇ ಕಣ್ಮುಂದೆ" ಎಂದರು. ಅವರಿಗೂ ಹಿಂದಿನ ಸಾಲು ಕೊಟ್ಟಿದ್ದಾರೆ. ನನ್ನ ಪಕ್ಕದಲ್ಲೇ.

ನಾನು ಬರೆದ ಕಲಮಿಗೆ ನಾನೇ ವಿರುದ್ಧ ಮತ ಹಾಕಿ ಸೋತೆ. ಸೋತು ಇಷ್ಟು ಹಗುರವಾಗಿದ್ದು ಇದೇ ಮೊದಲು. ನಿನ್ನೆ ಗೇಟಿಗೆ ಹೋಗಿ ಹೇಳಿದೆ. ಉದ್ದನೆಯ ಮೀಸೆಯವನು ತಲೆ ಕೆರೆದುಕೊಂಡು, ಹೆಸರಿನ ಪಟ್ಟಿಗೆ ತನ್ನ ಹೆಸರು ಸರಿಯಾಗಿ ಬರೆಸಬೇಕು, ಎಲ್ಲರೂ ತಪ್ಪು ಬರೆಯುತ್ತಾರೆ ಎಂದ. ಬರೆದುಕೊಂಡೆ. ಮುಂದಿನ ಸಭೆಗೆ ಹಸಿರು ಚೀಟಿ ತೆಗೆದುಕೊಂಡು ಹೋಗುವಾಗ ಆ ಪಟ್ಟಿಯನ್ನೂ ಚೀಲದಲ್ಲಿಟ್ಟುಕೊ. ದ್ವೀಪದ ಮೇಡಂಗೆ ತೋರಿಸು.

ಅರವತ್ತು ಜನರ ವಿಷಯ. ನಿಜ, ಯಾರನ್ನೂ ಕೇಳಿರಲಿಲ್ಲ. ಬಿದ್ದು ಮಲಗಿದಾಗ ನಿನ್ನನ್ನು ಕೇಳಲು ಒಂದು ನೆಪ ಸಿಕ್ಕಿತಲ್ಲ ಎಂದು ಖುಷಿಯಾಯಿತು. ಮೂಳೆ ಮುರಿದವನಿಗೆ ಖುಷಿ ಎಂದರೆ ಯಾರು ನಂಬುತ್ತಾರೆ? ಅದಕ್ಕೆ ಹಾಗೆ ಬರೆದೆ.

ಇವತ್ತು ಬೆಳಿಗ್ಗೆ ಮೊನ್ನೆಯ ಕಲಾಪದ ಅಚ್ಚಾದ ಪ್ರತಿ ಬಂತು. ನನ್ನ ಭಾಷಣ ನಾಲ್ಕೇ ಸಾಲು: "ಆರು ವರ್ಷದಿಂದ ಎಲ್ಲರೂ ನನ್ನನ್ನು ಕೇಳುತ್ತಿದ್ದಾರೆ. ಅಡುಗೆ ಆಗಿದೆ. ಉಪ್ಪು ನಾನೇ ಹಾಕಿದ್ದೇನೆ, ತಂಗಿ ಬಡಿಸುತ್ತಾಳೆ. ನನಗೆ ಮಾತ್ರ ಇವತ್ತು ಉಪವಾಸ." ಕೆಳಗೆ ಆವರಣದಲ್ಲಿ "ನಗು" ಎಂದಿದೆ.

ಸದನವೆಲ್ಲ ನಕ್ಕದ್ದು ನಿಜ. ಗಡಿಯಾರವೂ ಮಣಿಕಟ್ಟು ಬಿಟ್ಟು ನಕ್ಕರು. ನಾನು ಕಿವಿಗೊಟ್ಟು ಕೇಳಿದೆ. ಮೂಗಿನಲ್ಲಿ ಶುರುವಾಗುವ ನಗು ಎಲ್ಲಿಯೂ ಇರಲಿಲ್ಲ. ತಿರುಗಿ ನೋಡಿದರೆ ನೀನು ಮುಖಕ್ಕೆ ಮಸೂದೆಯ ಪ್ರತಿ ಹಿಡಿದುಕೊಂಡು ಅಳುತ್ತಿದ್ದೆ. ವರದಿ ಬರೆಯುವವರು ಅದನ್ನು ನೋಡಿಲ್ಲ, ಎಲ್ಲವನ್ನೂ ಸೇರಿಸಿ ನಗು ಎಂದೇ ಬರೆದಿದ್ದಾರೆ.

ತಪ್ಪಾಗಿದೆ ಎಂದು ಅರ್ಜಿ ಹಾಕಬೇಡ. ಹಾಗೇ ಇರಲಿ.

ನಿನ್ನ ಅಣ್ಣ